ನಕ್ಕಂತೆ ಕಂಡದ್ದು

ಆ ವೀಡಿಯೊದಲ್ಲಿ ನಾನು ನಗುತ್ತಿದ್ದೇನೆ. ಬೈಕಂಪಾಡಿಯ ಮೀನಿನ ಫ್ಯಾಕ್ಟರಿಯೊಂದರ ಗೇಟಿನಿಂದ ಬಿಳಿ ಟೊಪ್ಪಿ, ಗಮ್‌ಬೂಟು ತೊಟ್ಟ ಹೆಂಗಸರು ಓಡಿ ಬರುತ್ತಾರೆ. ಅವರ ನಡುವೆ ಲ್ಯಾಬ್ ಕೋಟಿನವಳು ನಾನು. ಬಾಯಿ ತೆರೆದಿದೆ, ಹಲ್ಲು ಕಾಣುತ್ತದೆ, ಹೊಟ್ಟೆ ಹಿಡಿದುಕೊಂಡು ಬಗ್ಗಿದ್ದೇನೆ. ಎದುರಿನ ಕಟ್ಟಡದ ತಾರಸಿಯಿಂದ ಯಾರೋ ತೆಗೆದದ್ದು. ಫ್ಯಾಕ್ಟರಿಯ ಮೇಲೆ ತಿಳಿ ಆಕಾಶ. ಊರಿಡೀ ಅದು ಹರಿದಾಡಿತು. ಯಾರೋ ಅದಕ್ಕೆ ಕುಣಿತದ ಸಂಗೀತವನ್ನೂ ಸೇರಿಸಿದ್ದರು.

ನಡೆದದ್ದು ಬೇರೆ. ಕೋಲ್ಡ್ ಸ್ಟೋರೇಜಿನ ಕೊಳವೆಯಿಂದ ಅಮೋನಿಯಾ ಅನಿಲ ಸೋರಿತು. ಮೈಕ್ರೋಬಯಾಲಜಿ ಓದಿದ ನನಗೆ ಅಲ್ಲಿ ಮೀನಿನ ಗುಣಮಟ್ಟ ಪರೀಕ್ಷಿಸುವ ಕೆಲಸ. ಸ್ಯಾಂಪಲ್ ತರಲು ಮೀನು ಕತ್ತರಿಸುವ ಹಾಲಿಗೆ ಹೋಗಿದ್ದೆ. ಮೊದಲು ಕಣ್ಣು ಉರಿಯಿತು. ಉಸಿರೆಳೆದರೆ ಗಂಟಲು ತಾನಾಗಿ ಮುಚ್ಚಿಕೊಂಡಿತು. ಕಣ್ಣು ಬಿಡಲಾಗದೆ ಗೋಡೆ ಸವರುತ್ತಾ ಹೋದೆ. ಬಾಗಿಲಿಗೆ ಪರದೆಯಂತೆ ತೂಗುಹಾಕಿದ ದಪ್ಪ ಪ್ಲಾಸ್ಟಿಕ್ ಪಟ್ಟಿಗಳು ಮುಖಕ್ಕೆ ಬಡಿದಾಗ, ದಾರಿ ಮುಗಿಯಿತು ಎಂದುಕೊಂಡು ಮತ್ತೆ ಒಳಕ್ಕೆ ತಿರುಗಿದೆ. ಯಾರೋ ನನ್ನ ಕೋಟು ಹಿಡಿದು ಹೊರಗೆಳೆದರು. ಯಾರೆಂದು ಗೊತ್ತಾಗಲಿಲ್ಲ. ಯಾರೂ ಸಾಯಲಿಲ್ಲ. ನನ್ನನ್ನೂ ಇನ್ನು ಕೆಲವರನ್ನೂ ಆಸ್ಪತ್ರೆಗೆ ಒಯ್ದು, ಸಂಜೆಗೆ ಮನೆಗೆ ಕಳಿಸಿದರು.

ಒಳಕ್ಕೆ ತಿರುಗಿದ ಆ ಕ್ಷಣ ದಿನಕ್ಕೆ ಎಷ್ಟೋ ಸಲ ಬರುತ್ತದೆ. ಆದರೆ ಈಗ ಅದಕ್ಕಿಂತ ಮೊದಲು ತಾರಸಿಯ ನೋಟ ಬಂದುಬಿಡುತ್ತದೆ. ನನ್ನನ್ನು ನಾನೇ ಮೇಲಿನಿಂದ ನೋಡುತ್ತೇನೆ. ನಗುತ್ತಿದ್ದೆನೇನೋ ಎಂದು ನನಗೇ ಅನಿಸಿದ್ದುಂಟು.

ಸೋಮವಾರದಿಂದ ಕೆಲಸ ಮತ್ತೆ ಶುರು ಎಂದು ಸೂಪರ್‌ವೈಸರ್ ಮೆಸೇಜು ಹಾಕಿದರು. ನನಗೆ ಆ ಹಾಲಿಗೆ ಮತ್ತೆ ಕಾಲಿಡಲು ಆಗುವಂತಿರಲಿಲ್ಲ. ಆದರೆ ಇಬ್ಬರ ದುಡಿಮೆಯ ಮೇಲೆ ನಿಂತ ಮನೆ ನಮ್ಮದು; ನಾನೊಬ್ಬಳೇ ತೀರ್ಮಾನಿಸುವ ಹಾಗಿರಲಿಲ್ಲ. ದೋಹಾದಲ್ಲಿರುವ ಗಂಡನಿಗೆ ಫೋನ್ ಮಾಡಿದೆ.

"ಪಿಕ್‌ನಿಕ್ಕಿಗೆ ಹೋದ ಹಾಗೆ ನಗ್ತಾ ಇದ್ದೀಯಲ್ಲ ಮಾರಾಯ್ತಿ!"

"ಅದು ನಗುವುದಲ್ಲ. ನನಗೆ ಉಸಿರು ಬರ್ತಾ ಇರ್ಲಿಲ್ಲ."

"ಹೊಗೆ ಇಲ್ಲ, ಬೆಂಕಿ ಇಲ್ಲ. ನಾನು ಪುನಃ ಪುನಃ ನೋಡಿದೆ. ಅಲ್ಲಿ ಎಂತ ಉಂಟು?"

"ಅದು ಕಾಣುವುದಿಲ್ಲ ಮಾರಾಯ್ರೆ."

"ಒಮ್ಮೆ ಹೋಗಿ ಬಾ. ಹೆದರಿಕೆ ತನ್ನಿಂದ ತಾನೇ ಹೋಗ್ತದೆ."

ಅಮೋನಿಯಾದ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ್ದನ್ನೆಲ್ಲ ಕಳಿಸಿದೆ. ಶ್ವಾಸಕೋಶದ ಚಿತ್ರವನ್ನೂ ಕಳಿಸಿದೆ. ಅದಕ್ಕೆ ಹೆಬ್ಬೆರಳೆತ್ತಿದ ಇಮೋಜಿ ಬಂತು. ಕೊನೆಗೆ ನನ್ನ ಕೆಂಪಾದ ಕಣ್ಣಿನ ಫೋಟೊ ತೆಗೆದು ಕಳಿಸಿದೆ. "ನಿದ್ದೆ ಸರಿ ಆಗ್ಲಿಲ್ವಾ?" ಎಂದು ಉತ್ತರ ಬಂತು. ನಾನು ಮತ್ತೆ ಏನೂ ಕಳಿಸಲಿಲ್ಲ.

ಭಾನುವಾರ ಬೆಳಿಗ್ಗೆ ಅವರೇ ವೀಡಿಯೊ ಕಾಲ್ ಮಾಡಿದರು. ವಾಮಂಜೂರಿನ ನಮ್ಮ ಅಡುಗೆಮನೆಯಲ್ಲಿ ಅತ್ತೆ ಕೋಳಿ ಸಾರಿಗೆ ಮೆಣಸು ಹುರಿಯುತ್ತಿದ್ದರು. ಅವರನ್ನು ನಾನು ಮಾಮಿ ಎನ್ನುವುದು. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟು ಮಾತಾಡುತ್ತಿದ್ದೆ. ಘಾಟು ಎದ್ದಿತು. ಮನೆಯಲ್ಲಿ ಯಾವಾಗಲೂ ಏಳುವ ಘಾಟೇ. ಅದು ಬರೀ ಮೆಣಸಿನದೆಂದು ನನ್ನ ಗಂಟಲಿಗೆ ತಿಳಿಯಲಿಲ್ಲ. ಸ್ಟೂಲು ಉರುಳಿಸಿ ಅಂಗಳಕ್ಕೆ ಓಡಿದೆ. ಒಳಗಿನ ಮಾತು ಕೇಳುತ್ತಿತ್ತು.

"ಅವಳಿಗೆ ಎಂತಾಯ್ತು? ಅಲ್ಲಿ ಎಂತ ಉಂಟಮ್ಮ?"

"ಎಂತ ಇಲ್ಲ, ಮೆಣಸು. ಮಾತಾಡ್ತಾ ಸ್ವಲ್ಪ ಕರಟಿತು." ಮಾಮಿಯೂ ಕೆಮ್ಮುತ್ತಿದ್ದರು.

"ನನಗೆ ಎಂತದೂ ಕಾಣುವುದಿಲ್ಲ."

"ನಿನಗೆ ಹೇಗೆ ಕಾಣ್ಬೇಕು? ಘಾಟು ಫೋನಲ್ಲಿ ಬರ್ತದಾ? ಮಂಡೆ ಸಮ ಉಂಟಾ ನಿನಗೆ? ನಿನ್ನ ಫೋನಿನಿಂದ ನನ್ನ ಮೆಣಸು ಹಾಳಾಯ್ತು."

ಮಾಮಿಗೆ ಸಿಟ್ಟಿದ್ದದ್ದು ಮೆಣಸಿನ ವಿಷಯಕ್ಕೆ.

"ಅವಳನ್ನು ಕರಿ," ಎಂದರು ಗಂಡ.

"ಅವಳು ಬರುವುದಿಲ್ಲ. ಹೊರಗೆ ನಿಂತು ನಡುಗ್ತಾ ಇದ್ದಾಳೆ."

ಮಾಮಿ ಫೋನು ತಂದುಕೊಟ್ಟು, "ಮಾತಾಡು ಮಗಾ," ಎಂದು ಒಳಗೆ ಹೋದರು. ನಾನು ಕ್ಯಾಮೆರಾ ಆಫ್ ಮಾಡಿ ಕಿವಿಗೆ ಹಿಡಿದೆ. ಮಾತಾಡಲು ಆಗಲಿಲ್ಲ, ಕೆಮ್ಮು ಮಾತ್ರ. ಅವರು ಕಾಲ್ ಕಟ್ ಮಾಡದೆ ಕೇಳುತ್ತಾ ಇದ್ದರು. ಕೆಮ್ಮು ಇಳಿದ ಮೇಲೆ, "ನೀನು ಹೋಗ್ಬೇಡ. ಬೇರೆ ಎಂತಾದ್ರೂ ನೋಡುವ," ಎಂದರು. ಹೂಂ ಎಂದೆ. ಸಮಾಧಾನವಾಗಬೇಕಿತ್ತು. ಆಯಾಸವಷ್ಟೇ ಆಯಿತು. ಅವರಿಗೆ ಎಷ್ಟು ಅರ್ಥವಾಯಿತೋ, ನಾನು ಕೇಳಲೂ ಇಲ್ಲ.

ಸೂಪರ್‌ವೈಸರಿಗೆ ಫೋನ್ ಮಾಡಿ ಬರುವುದಿಲ್ಲ ಎಂದು ತಿಳಿಸಿದೆ.

"ಎಂತ ಮೇಡಂ, ವೀಡಿಯೊದಲ್ಲಿ ಆರಾಮ ಇದ್ರಲ್ಲ?"

"ಆ ದಿನ ನೀವು ಎಲ್ಲಿದ್ರಿ ಸರ್?"

"ನಾನು... ರಜೆಯಲ್ಲಿದ್ದೆ." ರಾಜೀನಾಮೆ ಮೇಲ್ ಮಾಡಿ ಎಂದರು. ಕಾರಣ ಬರೆಯಬೇಕಂತೆ. ಗಂಟಲು ಮುಚ್ಚಿಕೊಂಡ ಕ್ಷಣದಿಂದ ಶುರುಮಾಡಿ ಎರಡು ಸಾಲು ಬರೆದೆ. ಓದಿ ನೋಡಿದರೆ ಬೇರೆ ಯಾರಿಗೋ ಆದದ್ದರ ಹಾಗಿತ್ತು. ಅಳಿಸಿ, 'ವೈಯಕ್ತಿಕ ಕಾರಣ' ಎಂದು ಹಾಕಿ ಕಳಿಸಿದೆ.