ಮೆಂಬರಮ್ಮನ ವಾರಗಿತ್ತಿ

ಹೊಸದುರ್ಗದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಕಂಚಿಕಟ್ಟೆಯಲ್ಲಿ ಸರ್ವಮಂಗಳ ಎಂದರೆ ಯಾರಿಗೂ ತಟ್ಟನೆ ಹೊಳೆಯುವುದಿಲ್ಲ. ಮೆಂಬರಮ್ಮ ಎನ್ನಬೇಕು. ಆರು ಚುನಾವಣೆ ಗೆದ್ದು ಗ್ರಾಮ ಪಂಚಾಯಿತಿಯಲ್ಲಿ ಕೂತವಳು ಆಕೆ. ಅದೇ ಮನೆಯ ಹಿರಿಸೊಸೆ ಬಸಮ್ಮನಿಗೂ ಹೆಸರೊಂದಿತ್ತು. ಊರಿನವರು ಮಾತ್ರ ಅವಳನ್ನು ‘ಮೆಂಬರಮ್ಮನ ವಾರಗಿತ್ತಿ’ ಎಂದೇ ಗುರುತು ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಬಸಮ್ಮನ ಹೊಟ್ಟೆಗೆ ಕಿಚ್ಚು ಬೀಳುತ್ತಿತ್ತು.

ಕಿಚ್ಚಿಗೆ ಕಾರಣವೂ ಇತ್ತು. ಆ ಪದವಿ ಮೊದಲು ಹುಡುಕಿಕೊಂಡು ಬಂದದ್ದು ಅವಳನ್ನೇ. 1993ರಲ್ಲಿ ಊರಿನ ಸೀಟು ಹೆಂಗಸರಿಗೆ ಮೀಸಲಾದಾಗ ನಾಲ್ಕು ಜನ ಹಿರಿಯರು ಮಾವ ಶಿವಯ್ಯನ ಜಗಲಿಗೆ ಬಂದು ಕೂತರು.

“ನಿಮ್ಮ ದೊಡ್ಡ ಸೊಸೆ ಎಸ್ಸೆಸ್ಸೆಲ್ಸಿ ಪಾಸಾಗೈತೆ. ಅವಳನ್ನೇ ನಿಲ್ಸಾಣ ಶಿವಯ್ಯ” ಅಂದರು.

ಬಸಮ್ಮ ಬಾಗಿಲ ಮರೆಯಿಂದಲೇ ಹೇಳಿದಳು: “ಗಂಡಸ್ರ ಎದುರಿಗೆ ಕುರ್ಚಿ ಹಾಕ್ಕಂಡು ಕೂರೋ ಕೆಲ್ಸ ನನಗ್ಯಾಕೆ ಮಾವ? ಬೇಕಿದ್ರೆ ಮಂಗಳನ್ನ ನಿಲ್ಸ್ರಿ.”

ಸರ್ವಮಂಗಳ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ಓದುವುದನ್ನೇ ಮರೆತವಳು. ಮದುವೆಯಾಗಿ ಬಂದು ಎರಡು ವರ್ಷವಾಗಿತ್ತು, ನಾಲ್ಕು ಜನರ ಮುಂದೆ ಬಾಯಿ ಬಿಟ್ಟವಳಲ್ಲ. ನಿಂತರೆ ನಗೆಪಾಟಲಾಗುತ್ತಾಳೆ ಎಂಬುದು ಬಸಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೇ ಹೆಸರು ಹೇಳಿದ್ದಳು.

ಸರ್ವಮಂಗಳ ಗೆದ್ದಳು. ಮೊದಲ ಐದು ವರ್ಷ ಬಸಮ್ಮನಿಗೆ ಅದರಿಂದ ಬೇಸರವೇನೂ ಆಗಲಿಲ್ಲ. ಪಂಚಾಯಿತಿಯಿಂದ ಬಂದ ಪ್ರತಿ ಕಾಗದವನ್ನೂ ಓದಿ ಹೇಳಬೇಕಾದವಳು ಅವಳೇ. “ಇದಕ್ಕೆ ಹೂಂ ಅನ್ನು, ಇದಕ್ಕೆ ಒಪ್ಬೇಡ” ಎಂದು ಕಲಿಸಿ ಕಳಿಸುತ್ತಿದ್ದಳು. ಹೆಸರು ಯಾರದ್ದಾದರೇನು, ಪಂಚಾಯಿತಿ ನಡೆಸುತ್ತಿರುವವಳು ತಾನು ಎಂದು ಒಳಗೊಳಗೇ ಬೀಗುತ್ತಿದ್ದಳು.

ಎರಡನೇ ಸಲ ಗೆದ್ದ ವರ್ಷ ಒಂದು ಮಧ್ಯಾಹ್ನ ನೋಟಿಸು ಬಂತು. ರೊಟ್ಟಿ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಸಮ್ಮ ಹೊರಗೆ ಬಂದಳು. ಸರ್ವಮಂಗಳ ಕಾಗದ ಬಿಚ್ಚಿ, ತುಟಿ ಅಲ್ಲಾಡಿಸುತ್ತ, ಒಂದೊಂದೇ ಅಕ್ಷರ ಕೂಡಿಸಿ ಕೊನೆಯ ಸಾಲಿಗೆ ಬಂದುಬಿಟ್ಟಿದ್ದಳು.

“ಹನ್ನೊಂದನೇ ತಾರೀಕು ಮೀಟಿಂಗಂತೆ ಅಕ್ಕಾ. ಕುಡಿಯೋ ನೀರಿಂದು.”

ಮಗಳ ಶಾಲೆಯ ಪುಸ್ತಕ ಹಿಡಿದು ಗುಟ್ಟಾಗಿ ಕಲಿತಿದ್ದಳು. ಅಂದು ಬಸಮ್ಮನಿಗೆ ಊಟ ಸೇರಲಿಲ್ಲ.

ಆಮೇಲೆ ಸರ್ವಮಂಗಳ ಯಾರ ಕೈಗೂ ಸಿಗದಂತೆ ಬೆಳೆದಳು. ಮೇಲಿನ ಕೇರಿಗೆ ನೀರಿನ ಟ್ಯಾಂಕು ತಂದಳು. ವಿಧವೆಯರ ಅರ್ಜಿ ಕಟ್ಟು ಹಿಡಿದು ತಾಲ್ಲೂಕು ಆಫೀಸಿನ ಮೆಟ್ಟಿಲ ಮೇಲೆ ದಿನಗಟ್ಟಲೆ ಕೂತಳು. ಮೀಸಲು ಬದಲಾದ ವರ್ಷ ಸಾಮಾನ್ಯ ಸೀಟಿಗೆ ನಿಂತು ಮೂವರು ಗಂಡಸರನ್ನು ಸೋಲಿಸಿದಳು. ಸ್ವಾತಂತ್ರ್ಯ ದಿನದಂದು ಶಾಲೆಯಲ್ಲಿ ಮುಂದಿನ ಸಾಲಿನ ಕುರ್ಚಿ ಅವಳಿಗೆ. ಬಸಮ್ಮ ಹಿಂದೆ, ಹೆಂಗಸರ ಗುಂಪಿನಲ್ಲಿ ನಿಂತು ವಾರಗಿತ್ತಿಯ ಸೀರೆಯ ನೆರಿಗೆಯಲ್ಲಿ ತಪ್ಪು ಹುಡುಕುತ್ತಿದ್ದಳು. ಕೈಗಡಿಯಾರ ಕಟ್ಟಿದ್ದನ್ನು ಕಂಡು ಮೂರು ದಿನ ಮಾತು ಬಿಟ್ಟಳು.

ಬೆಳಗಾದರೆ ಜಗಲಿಯ ಮೇಲೆ ಜನ. ಟೀ ಕಾಯಿಸುವವಳು ಬಸಮ್ಮ. “ಇಲ್ಲಿ ಕುಂತ್ಕಳ್ರಿ, ಮೆಂಬರಮ್ಮ ಸ್ನಾನಕ್ಕೆ ಹೋಗೈತೆ” ಎಂದು ಹೇಳಿ ಒಳಗೆ ಹೋಗಿ ಹಾಲು ಕಮ್ಮಿ ಮಾಡಿ ಇನ್ನೊಂದು ಚೊಂಬು ನೀರು ಬೆರೆಸುತ್ತಿದ್ದಳು. ಯಾರಾದರೂ ಕೆಲಸವಾಗಲಿಲ್ಲವೆಂದು ಗೊಣಗಿಕೊಂಡು ಹೊರಟರೆ ಅವರಿಗೆ ಮಾತ್ರ ಗಟ್ಟಿ ಟೀ ಸಿಗುತ್ತಿತ್ತು. ಒಮ್ಮೆ ಮೀಟಿಂಗಿನ ನೋಟಿಸನ್ನೇ ರಾಗಿ ಡಬ್ಬದ ಕೆಳಗೆ ತಳ್ಳಿಬಿಟ್ಟಳು. ಸರ್ವಮಂಗಳ ಹೋಗದ ಆ ಮೀಟಿಂಗಿನಲ್ಲಿ ಅವರದೇ ಬೀದಿಗೆ ಬರಬೇಕಿದ್ದ ದೀಪದ ಕಂಬಗಳು ಇನ್ನೊಂದು ಬೀದಿಯ ಪಾಲಾದವು. ಕತ್ತಲಲ್ಲಿ ಎಡವಿ ಹೆಬ್ಬೆರಳು ಒಡೆದುಕೊಂಡವಳೂ ಬಸಮ್ಮನೇ. ಆದರೂ ಅವಳಿಗೆ ಪಶ್ಚಾತ್ತಾಪವಾಗಲಿಲ್ಲ.

2020ರ ಡಿಸೆಂಬರಿನಲ್ಲಿ, ಐವತ್ತೈದು ದಾಟಿದ ಮೇಲೆ, ಬಸಮ್ಮ ಯಾರನ್ನೂ ಕೇಳದೆ ಹೋಗಿ ಸರ್ವಮಂಗಳ ನಿಂತ ಸೀಟಿಗೇ ನಾಮಪತ್ರ ಕೊಟ್ಟು ಬಂದಳು.

ಗಂಡ ಕೆಂಚಪ್ಪ ತೋಟದಿಂದ ಬಂದವನೇ ಕೂಗಾಡಿದ. “ಒಂದೇ ಒಲೆ ಅನ್ನ ಉಣ್ಣೋರು ಎದುರಾಬದುರಾ ನಿಲ್ತೀರಾ? ಜನ ಏನಂತಾರೆ?”

“ಮೂವತ್ತು ವರ್ಷದಿಂದ ಜನ ನನ್ನ ಏನಂದ್ರು ಅಂತ ಕೇಳಿದ್ಯಾ?” ಅಂದಳು ಬಸಮ್ಮ.

ಸರ್ವಮಂಗಳ ತರಕಾರಿ ಹೆಚ್ಚುತ್ತಿದ್ದಳು. ಹೆಚ್ಚಿದ್ದನ್ನು ಬೋಗುಣಿಗೆ ಹಾಕಿ ಇನ್ನೊಂದು ಬದನೆಕಾಯಿ ಎತ್ತಿಕೊಂಡಳು.

ಬಸಮ್ಮನಿಗೆ ಟೇಬಲ್ ಫ್ಯಾನಿನ ಗುರುತು ಸಿಕ್ಕಿತು. ಚೀಟಿ ಹಿಡಿದು ಮನೆ ಮನೆಗೆ ಹೋದಳು. ಹೋದಲ್ಲೆಲ್ಲ ವಾರಗಿತ್ತಿಯ ಮಾತೇ. ಒಬ್ಬಳು ಸರ್ವಮಂಗಳ ಮಾಡಿಸಿಕೊಟ್ಟ ರೇಷನ್ ಕಾರ್ಡು ತೋರಿಸಿದಳು. ಹೆರಿಗೆಗೆ ಹೊಸದುರ್ಗದ ಆಸ್ಪತ್ರೆಗೆ ಕರೆದೊಯ್ದದ್ದನ್ನು ಇನ್ನೊಬ್ಬಳು ಹೇಳಿದಳು. ಮುದುಕಿ ರಂಗಕ್ಕ ಚೀಟಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿ, ವಾಪಸು ಕೊಟ್ಟು, “ನಿಮ್ಮನೆಗೆ ಎಷ್ಟು ಸಲ ಬಂದಿದೀನಿ ಬಸವ್ವ. ಒಂದಿನಾನೂ ಬಾಯಿಗಿಡೋ ಅಂಥ ಟೀ ಕೊಡಲಿಲ್ಲ ನೀನು” ಅಂದಳು.

ಬಸಮ್ಮ ಚೀಟಿ ಮುದುರಿಕೊಂಡು ಮೆಟ್ಟಿಲಿಳಿದಳು. ಆದರೂ ಮುಂದಿನ ಬಾಗಿಲು ತಟ್ಟಿದಳು.

ಎಣಿಕೆಯ ದಿನ ಸರ್ವಮಂಗಳಳಿಗೆ ಮುನ್ನೂರ ಹನ್ನೆರಡು ಓಟು, ಬಸಮ್ಮನಿಗೆ ಮೂವತ್ತೇಳು. ಮನೆಯ ಮುಂದೆ ಪಟಾಕಿ ಹೊಡೆದು ಜನ ಚದುರಿದ ಮೇಲೆ ಸರ್ವಮಂಗಳ ಕೊರಳಿನ ಹಾರ ತೆಗೆದಿಟ್ಟು ಅಡುಗೆಮನೆಗೆ ಬಂದಳು.

“ಅಕ್ಕಾ, ಇವತ್ತು ಒಂದು ಮಾತಾಡ್ತೀನಿ. ಆವತ್ತು ಹಳೇ ಸೀರೆ ಎಸೆದಂಗೆ ಈ ಮೆಂಬರ್ಗಿರೀನ ನನ್ನ ಮೇಲೆ ಎಸೆದೆ. ನಾನು ಬಿದ್ದು ಮಣ್ಣು ಮುಕ್ಕಲಿ ಅಂತ್ಲೇ ಎಸೆದೆ. ಗೊತ್ತಿತ್ತು ನನಗೆ. ರಾಗಿ ಡಬ್ಬದ ಕೆಳಗಿನ ಕಾಗದಾನೂ ಸಿಕ್ಕಿತ್ತು. ಯಾರಿಗೂ ಹೇಳಲಿಲ್ಲ. ಆದ್ರೆ ಇದನ್ನ ಕಷ್ಟಪಟ್ಟು ನಂದು ಮಾಡ್ಕಂಡಿದೀನಿ. ಈಗ ವಾಪಸ್ ಕೇಳ್ಬೇಡ.”

ಬಸಮ್ಮನಿಗೆ ಅಳು ಬರಲಿಲ್ಲ, ಕ್ಷಮೆ ಕೇಳುವ ಮನಸ್ಸೂ ಆಗಲಿಲ್ಲ. ಎಲ್ಲ ಗೊತ್ತಿದ್ದೂ ಇಷ್ಟು ವರ್ಷ ಸುಮ್ಮನಿದ್ದಳಲ್ಲ, ಈ ತಾಳ್ಮೆಯಲ್ಲೂ ತನ್ನನ್ನು ಮೀರಿಸಿದಳಲ್ಲ ಎಂದು ಮತ್ತಷ್ಟು ಉರಿಯಿತು. ಅದರ ನಡುವೆಯೇ ಇನ್ನೊಂದು ಯೋಚನೆ ಹುಟ್ಟಿತು. ಆ ಮೂವತ್ತೇಳು ಜನ ಯಾರು? ಮೆಂಬರಮ್ಮನಿಂದ ಯಾವ ಕೆಲಸ ಆಗಲಿಲ್ಲ ಅಂತ ಅವರು ತನಗೆ ಓಟು ಒತ್ತಿದರು?

ಹಿಂದಿನ ಬೀದಿಯ ಪಾಲಯ್ಯ, ಅವರಲ್ಲಿ ತಾನೊಬ್ಬ ಎಂದು ತಾನಾಗಿಯೇ ಬಾಯಿ ಬಿಟ್ಟ. ಚರಂಡಿ ಅವನ ಮನೆಗೆ ಮೂರು ಮಾರು ಇರುವಾಗಲೇ ನಿಂತುಹೋಗಿತ್ತು. ಊರಿನ ಕೊಚ್ಚೆಯೆಲ್ಲ ಅವನ ಅಂಗಳಕ್ಕೆ ನುಗ್ಗುತ್ತಿತ್ತು.

ಮುಂದಿನ ಗ್ರಾಮಸಭೆಗೆ ಬಸಮ್ಮ ಹೋದಳು. ಕೆಲಸದ ಪಟ್ಟಿ ಕೇಳಿ ಇಸಿದುಕೊಂಡು, ಕನ್ನಡಕ ಹಾಕಿಕೊಂಡು, ಎಲ್ಲರಿಗೂ ಕೇಳುವಂತೆ ಓದಿದಳು. “ಚರಂಡಿ ಪೂರ್ಣ ಅಂತ ಬರೆದೈತೆ. ಪಾಲಯ್ಯನ ಮನೆ ಊರೊಳಗಿಲ್ವಾ ಮೆಂಬರಮ್ಮಾ?”

ವೇದಿಕೆಯ ಮೇಲೆ ಸರ್ವಮಂಗಳ ಮೊದಲ ಸಲ ತಡವರಿಸಿದಳು. ಬಸಮ್ಮನಿಗೆ ಮೈಯೆಲ್ಲ ತಂಪಾಯಿತು. ಎರಡು ತಿಂಗಳಲ್ಲಿ ಚರಂಡಿ ಪಾಲಯ್ಯನ ಮನೆ ದಾಟಿತು. ಊರು ಆ ಕೀರ್ತಿಯನ್ನೂ ಮೆಂಬರಮ್ಮನಿಗೇ ಕೊಟ್ಟಿತು. ಬಸಮ್ಮ ಎರಡು ದಿನ ಹಲ್ಲು ಕಡಿದಳು.

ಅಂದಿನಿಂದ ಅವಳು ಒಂದು ಗ್ರಾಮಸಭೆಯನ್ನೂ ತಪ್ಪಿಸಲಿಲ್ಲ. ಹಿತ್ತಲ ಬಾಗಿಲಿನಿಂದ ಅವಳ ಹತ್ತಿರವೂ ಜನ ಬರತೊಡಗಿದರು, “ಸಭೇಲಿ ಇದೊಂದು ಕೇಳು ಬಸವ್ವ” ಎಂದು. ಜಗಲಿಯ ಜನರಿಗಿಂತ ಅವರು ಕಮ್ಮಿ ಎಂಬ ನೋವು ಅವಳಿಗೆ ಇದ್ದೇ ಇತ್ತು. ಕೆಲವು ಸಲ ಜಗಲಿಯ ಕಡೆ ಇಣುಕಿ ತಲೆ ಎಣಿಸಿ ಬರುತ್ತಿದ್ದಳು.

ಸಭೆಯ ಬೆಳಿಗ್ಗೆ ಇಬ್ಬರೂ ಒಂದೇ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುವಾಗ ಸರ್ವಮಂಗಳ ಕೇಳುತ್ತಿದ್ದಳು: “ಇವತ್ತು ಏನ್ ಕೇಳ್ತೀಯಕ್ಕಾ?”

“ಅಲ್ಲೇ ಬಂದು ಕೇಳಿಸ್ಕ” ಎಂದು ಬಸಮ್ಮ ಸೆರಗು ಸರಿಮಾಡಿಕೊಂಡು ಮೊದಲೇ ಹೊರಟುಬಿಡುತ್ತಿದ್ದಳು.