ಎತ್ತಿನ ಹಣೆಯ ಮೂರು ಗೆರೆ

ಆ ಎತ್ತಿನ ಹಣೆಗೆ ವಿಭೂತಿ ಎಳೆದವನು ನಾನು. ಇಮಾಮಸಾಬ ಅಲ್ಲ.

ಇದನ್ನು ಹೇಳಬೇಕಾದ ದಿನ, ಕೇಳಬೇಕಾದ ಜನರೆಲ್ಲ ನನ್ನೆದುರಿಗೇ ನಿಂತಿದ್ದರು. ಬಾಯಿ ಬರಲಿಲ್ಲ. ಈಗ ಅವರಲ್ಲಿ ಮುಕ್ಕಾಲು ಪಾಲು ಮಣ್ಣಾಗಿದ್ದಾರೆ, ಈಗ ಧೈರ್ಯ ಬಂದಿದೆ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ — ಹಾಗಾಯಿತು ನನ್ನ ಕಥೆ.

ಆಗ ನನಗೆ ಇಪ್ಪತ್ತಾರು ವರ್ಷ. ಚಿತ್ತಾಪುರದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದೆ. ಇನ್ನೂ ಹೈದರಾಬಾದ ರಾಜ್ಯವೇ. ರಜಾಕಾರರ ಗದ್ದಲ ಮುಗಿದು ಮೂರು ವರ್ಷವಾಗಿತ್ತು. ಆ ಗದ್ದಲ, ಅದರ ಬೆನ್ನಿಗೇ ಏನೂ ಅರಿಯದ ಸಾಬರ ಮನೆಗಳ ಮೇಲೂ ತಿರುಗಿದ ಸಿಟ್ಟು — ಎರಡನ್ನೂ ಮರೆತವರ ಹಾಗೆ ಊರು ಓಡಾಡುತ್ತಿತ್ತು. ಇಮಾಮಸಾಬನೂ ಹೆಂಡತಿಯನ್ನು ಕರೆದುಕೊಂಡು ಹೋಗಿ ಎಲ್ಲೆಲ್ಲೋ ಇದ್ದು, ಆಗಷ್ಟೇ ತಿರುಗಿ ಬಂದಿದ್ದ. ಬೋರ್ಡು ಬರೆಯುವುದು ಆತನ ಕಸುಬು. ಆದರೆ ಒಕ್ಕಲುತನದವರಿಗೆ ಆತ ಬೇಕಾಗುತ್ತಿದ್ದದ್ದು ಕಾರಹುಣ್ಣಿಮೆಗೆ. ಎತ್ತಿನ ಕೋಡಿಗೆ ಬಣ್ಣ ಬರೆಯುವುದರಲ್ಲಿ ಆತನನ್ನು ಮೀರಿಸಿದವರಿರಲಿಲ್ಲ. ದಂಡೋತಿಯಂಥ ಹೊರಗಿನ ಹಳ್ಳಿಯಿಂದಲೂ ಎತ್ತು ಹೊಡೆದುಕೊಂಡು ಬರುತ್ತಿದ್ದರು. ನಮ್ಮ ಜೋಡಿಗೂ ಆತನದೇ ಕೈ. ನಮ್ಮಪ್ಪನ ಜೊತೆ ಗರಡಿಯಲ್ಲಿ ಕುಸ್ತಿ ಆಡಿದವನು, ನಾನು ಮಾಮಾ ಎನ್ನುತ್ತಿದ್ದೆ.

ಆ ವರ್ಷ ಒಂದು ಬೀಡಿ ಕಂಪನಿ ಎತ್ತಿನ ಮಾರ್ಕಿನ ಬೀಡಿ ಹೊರಡಿಸಿ ನನಗೆ ಏಜೆನ್ಸಿ ಕೊಟ್ಟಿತು. ನನ್ನ ಅಂಗಡಿಯ ಪಕ್ಕದ ಗೋಡೆ ಸಂತೆಯ ದಾರಿಗೆ ಮುಖ ಮಾಡಿತ್ತು. ಅದರ ಮೇಲೆ ಜಾಹೀರಾತು ಬರೆಸಬೇಕು. ಅವರು ಕಳಿಸಿದ ಕಾಗದದಲ್ಲಿ ಎತ್ತೊಂದು ಮನುಷ್ಯನ ಹಾಗೆ ಕಾಲ ಮೇಲೆ ಕಾಲು ಹಾಕಿ ಕುಳಿತು, ಬೀಡಿ ಸೇದಿ ಹೊಗೆ ಬಿಡುತ್ತಿತ್ತು. ಮಾಮಾ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಶರಣಪ್ಪ, ಇದು ಚೊಲೊ ಕಾಣಲ್ಲಪಾ. ದುಡಿಯೋ ಜೀವ ಅದು. ಅದರ ಬಾಯಾಗ ಬೀಡಿ ಯಾಕ? ಬಂಡಿ ಎಳೀಲಿಕತ್ತಿದ್ದು ಬರೀತೀನಿ, ಬಿಡು."

"ಕಂಪನಿಯವರು ಹ್ಯಾಂಗ ಕಳಿಸ್ಯಾರ ಹಾಂಗ ಬರದ್ಬಿಡು ಮಾಮಾ," ಎಂದೆ. ಬರೆದ.

ಸಂತೆಯ ದಿನ ಜನ ನಕ್ಕರು. "ನಮ್ಮ ಎತ್ತಿಗಿ ಹೊಟ್ಟಿಲ್ಲ, ಶರಣಪ್ಪನ ಎತ್ತಿಗಿ ಬೀಡಿ!" ಎಂದು ಕಿಚಾಯಿಸಿದರು. ಕೆಲವರಿಗೆ ಅದು ಸೇರಲಿಲ್ಲ, ಮುಖ ಸಿಂಡರಿಸಿ ದಾಟಿದರು. ಒಬ್ಬ ಮುದುಕಿಯಂತೂ ಹೋಗುವಾಗೊಮ್ಮೆ ಬರುವಾಗೊಮ್ಮೆ ಗೋಡೆಯ ಬುಡಕ್ಕೆ ಉಗುಳುತ್ತಿದ್ದಳು. ಆದರೂ ಬೈದವರೇ ಬೀಡಿ ಕೊಂಡು ಹೋದರು. ಮಾತು ಅಲ್ಲಿಗೇ ನಿಲ್ಲುತ್ತಿತ್ತು — ನಾನು ಸುಮ್ಮನಿದ್ದಿದ್ದರೆ.

ಸೋಮವಾರ ನಮ್ಮಲ್ಲಿ ಎತ್ತಿಗೆ ನೊಗ ಹಾಕುವುದಿಲ್ಲ. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಆಮೇಲೆ ನಮ್ಮ ಊಟ. ಸಂತೆಯಾದ ಮೇಲಿನ ಸೋಮವಾರ ಸಂಜೆ ಆ ಕೆಲಸ ಮುಗಿಸಿ ಅಂಗಡಿಗೆ ಬಂದರೆ ಗೋಡೆಯ ಎತ್ತಿನ ಹಣೆ ಬೋಳಾಗಿ ಕಂಡಿತು. ಏನೋ ಕಸಿವಿಸಿ. ಕೆಳಗಿನ ಸಾಲಿನ ಅಕ್ಷರ ಬಾಕಿ ಇದ್ದುದರಿಂದ ಮಾಮಾ ಸುಣ್ಣದ ಡಬ್ಬಿ ಅಲ್ಲೇ ಬಿಟ್ಟಿದ್ದ. ಮೂರು ಬೆರಳು ಅದ್ದಿ, ಮನೆಯ ಎತ್ತಿಗೆ ಎಳೆದ ಹಾಗೆಯೇ ಎಳೆದೆ. ಭಕ್ತಿ ಎನ್ನಲೇ? ಅಭ್ಯಾಸ ಎನ್ನಲೇ? ವಿಭೂತಿ ಕಂಡರೆ ಮುದುಕಿ ಉಗುಳುವುದು ಬಿಟ್ಟಾಳು ಎಂಬ ಅಂಗಡಿಕಾರನ ಬುದ್ಧಿಯೂ ಅದರಲ್ಲಿತ್ತು. ಕೆಳಗೆ ಬಾಯಲ್ಲಿ ಬೀಡಿ ಉರಿಯುತ್ತಿದೆ ಎಂಬುದು — ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಅಂಗಡಿಗೆ ಬರುವಷ್ಟರಲ್ಲಿ ಗೋಡೆಯ ಮುಂದೆ ಜನ ಕಿಕ್ಕಿರಿದಿದ್ದರು. ಯಾರೂ ನಗುತ್ತಿರಲಿಲ್ಲ. ವಿಭೂತಿ ಬಿದ್ದ ಮೇಲೆ ಅದು ಎತ್ತಲ್ಲ, ಬಸವಣ್ಣ. ಬಸವಣ್ಣನ ಬಾಯಲ್ಲಿ ಬೀಡಿ! ಯಾರೋ ಆಗಲೇ ಮಾಮಾನನ್ನು ಮನೆಯಿಂದ ಎಬ್ಬಿಸಿ ತಂದು ನಡುವೆ ನಿಲ್ಲಿಸಿದ್ದರು. ಹಿಂದಿನಿಂದ ಒಬ್ಬ ಕೂಗಿದ, "ನಮ್ಮ ದೇವರು ಇವಗ ಚ್ಯಾಷ್ಟಿ ಆಗ್ಯಾನ. ಬಡೀರಿ!" ಮತ್ತೊಬ್ಬನ ಕೈಯಲ್ಲಿ ಕಲ್ಲಿತ್ತು. ಆ ಕಲ್ಲನ್ನು ನಾನು ನೋಡಿದೆ.

ಊರಿನ ಹಿರಿಯರಾದ ಮಲ್ಲಣಗೌಡರು ಕೈ ಎತ್ತಿ ಜನರನ್ನು ತಡೆದು, ನನ್ನ ಕಡೆ ತಿರುಗಿದರು. "ಶರಣಪ್ಪ, ಗೋಡಿ ನಿಂದು. ಈ ವಿಭೂತಿ ನೀ ಬರಸೀದಿ ಏನು? ಖರೇ ಹೇಳು."

"ನಾ ಬರಸಿಲ್ರಿ ಗೌಡ್ರ," ಎಂದೆ. "ಕಂಪನಿ ಕಾಗದದಾಗೂ ಇಲ್ರಿ."

ಎರಡು ಮಾತೂ ನಿಜವೇ. ನಿಜವನ್ನೇ ಹೇಳಿ ಒಬ್ಬನನ್ನು ಹೂಳಬಹುದು ಎಂದು ಅಂದು ಕಲಿತೆ.

ಮಾಮಾ ಗೋಡೆಯನ್ನು ನೋಡಿದ. ಅವು ಕುಂಚದ ಗೆರೆಗಳಲ್ಲ. ಬೆರಳು ಊರಿದ ಗುರುತು ಕುರುಡನಿಗೂ ಸಿಗುವಂತಿತ್ತು. ಆಮೇಲೆ ನನ್ನ ಬಲಗೈ ನೋಡಿದ. ಉಗುರಿನ ಸಂದಿಯಲ್ಲಿ ಇನ್ನೂ ಸುಣ್ಣವಿತ್ತು. ನಾನು ಕೈಯನ್ನು ಧೋತರದ ಮಡಿಕೆಯಲ್ಲಿ ಅಡಗಿಸಿದೆ. ಆತ ಅದನ್ನೂ ನೋಡಿದ.

"ಗೋಡಿ ನಾ ಬರದೀನ್ರಿ ಗೌಡ್ರ," ಎಂದ. "ತಪ್ಪು ನಂದೇ ಅದರಿ. ಅಳಸ್ತೀನಿ."

ಜನ ನೋಡುತ್ತಿರುವಂತೆಯೇ ಅಳಿಸಿದ. ಮೊದಲು ಬೀಡಿ. ವಿಭೂತಿ ಎಲ್ಲಕ್ಕಿಂತ ಕೊನೆಗೆ.

ಯಾಕೆ ಹೇಳಲಿಲ್ಲ ಆತ? ನಮ್ಮವನೊಬ್ಬನ ಕಡೆ ಬೆರಳು ತೋರಿಸಿದರೆ ಆ ಕಲ್ಲು ತನ್ನ ಮೇಲೇ ಬೀಳುತ್ತದೆ ಎಂದೋ, ನಮ್ಮಪ್ಪನ ನೆನಪಿಗೋ — ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ನಾನು ಒಪ್ಪಿಕೊಂಡಿದ್ದರೆ ನಾಲ್ಕು ಬೈದು, ಒಂದು ಕಾಯಿ ಒಡೆಸಿ ಬಿಡುತ್ತಿದ್ದರು. ಊರಿನವನ ತಪ್ಪಿಗೆ ಒಂದು ತೆಂಗಿನಕಾಯಿ ಸಾಕಿತ್ತು. ಅದನ್ನು ಉಳಿಸಿಕೊಳ್ಳಲು ನಾನು ಆತನ ಊರನ್ನೇ ಕಳೆದೆ.

ಬೋರ್ಡು ಬರೆಸುವವರು ನಿಂತುಹೋದರು. ಕಾರಹುಣ್ಣಿಮೆ ಬಂತು, ಆತನ ಅಂಗಳಕ್ಕೆ ಒಂದೂ ಎತ್ತು ಬರಲಿಲ್ಲ. ಮಧ್ಯಾಹ್ನದವರೆಗೆ ಕಾದು, ಬಣ್ಣದ ಡಬ್ಬಿ ಹಿಡಿದು ಆತನೇ ನಮ್ಮ ಬಾಗಿಲಿಗೆ ಬಂದ. ಇಡೀ ಊರಲ್ಲಿ ನನ್ನ ಬಾಗಿಲಿಗೆ.

"ಎತ್ತು ಹೊರಗ ಕಟ್ಟಪಾ ಶರಣಪ್ಪ. ಕೋಡು ಬರೀತೀನಿ."

ಎದುರಿನ ಕಟ್ಟೆಯ ಮೇಲೆ ಐದಾರು ಮಂದಿ ಕುಳಿತಿದ್ದರು. ಮಾತು ನಿಲ್ಲಿಸಿ ನಮ್ಮನ್ನೇ ನೋಡತೊಡಗಿದರು. ಗೋಡೆಯ ಮುಂದೆ ಅಂಜಿದ್ದೆ, ಕಲ್ಲಿತ್ತು ಎನ್ನಬಹುದು. ಇಲ್ಲಿ ಯಾರ ಕೈಯಲ್ಲೂ ಕಲ್ಲಿರಲಿಲ್ಲ.

"ಈ ವರ್ಷ ಬ್ಯಾಡ ಮಾಮಾ," ಎಂದೆ.

ಆತ ಸಿಟ್ಟಾಗಲಿಲ್ಲ. ನನ್ನ ಹೆಗಲ ಮೇಲಿಂದ ಒಳಗೆ ಇಣುಕಿ, "ಎತ್ತು ಆರಾಮ ಅವಲ್ಲ?" ಎಂದು ಕೇಳಿದ. "ಆರಾಮ ಅವ," ಎಂದೆ. "ಆಯ್ತಪಾ," ಎಂದು ಹೋದ.

ಆ ಸಂಜೆ ಊರ ಎತ್ತುಗಳೆಲ್ಲ ಅಗಸಿಗೆ ಕಟ್ಟಿದ ಕರಿಯ ತೋರಣ ಹರಿಯಲು ಓಡಿದವು, ಯಾರ್‍ಯಾರೋ ಬಳಿದ ಬಣ್ಣ ಹೊತ್ತು. ನಮ್ಮ ಜೋಡಿ ಮಾತ್ರ ಬರೀ ಕೋಡಿನಲ್ಲಿ ಓಡಿತು. ಬೇರೆಯವರಿಂದ ಬರೆಸಲು ಮನಸ್ಸು ಒಪ್ಪಿರಲಿಲ್ಲ. ಗೋಡೆಯ ಮೇಲಿನ ಎತ್ತಿನ ಬೋಳು ಹಣೆ ನೋಡಲಾರದವನು, ಮನೆಯ ಎತ್ತಿನ ಬೋಳು ಕೋಡು ನೋಡುತ್ತ ನಿಂತಿದ್ದೆ.

ಎಂಟು ದಿನಕ್ಕೆ ಇಮಾಮಸಾಬ ಹೆಂಡತಿಯೊಂದಿಗೆ ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿದನಂತೆ. ಸೋಲಾಪುರಕ್ಕೆ ಎಂದರು ಕೆಲವರು. ನಾನು ಹುಡುಕಲಿಲ್ಲ. ಸಿಕ್ಕಿಬಿಟ್ಟರೆ ಎಂಬ ಭಯ ನನಗಿತ್ತು — ಇದನ್ನೂ ಒಪ್ಪಿಕೊಳ್ಳುತ್ತೇನೆ.

ಆ ಕಟ್ಟೆ ಇನ್ನೂ ಇದೆ. ಅಲ್ಲಿ ಈಗ ಆ ಐದಾರು ಮಂದಿಯ ಮಕ್ಕಳು ಕೂರುತ್ತಾರೆ. ಇಮಾಮಸಾಬ ದೇವರನ್ನು ಹೀಯಾಳಿಸಿ ಓಡಿಹೋದವನು ಎಂದೇ ಅವರಿಗೆ ಗೊತ್ತು. ಬರುವ ಕಾರಹುಣ್ಣಿಮೆಗೆ ಅವರ ನಡುವೆ ಹೋಗಿ ಕೂರುತ್ತೇನೆ. ಎಲ್ಲವನ್ನೂ ಹೇಳುತ್ತೇನೆ, ಬಲಗೈಯನ್ನು ಅವರಿಗೆ ಕಾಣುವಂತೆ ತೊಡೆಯ ಮೇಲೆ ಇಟ್ಟುಕೊಂಡು.