ಮಾವ ಮುಚ್ಚಿದ ಬಿರುಕು

ಮಾರಾಟಕ್ಕಿಟ್ಟ ಮನೆಗಳಿಗೆ ಬಣ್ಣ ಹೊಡೆಯುವುದರಲ್ಲಿ ನಮ್ಮ ಸೋದರಮಾವನದು ಎತ್ತಿದ ಕೈ. ಊರಿನವರು ಅವನನ್ನು ಬಣ್ಣದ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ತೇವದ ಕಲೆ, ಮೊಳೆಯ ತೂತು, ಮಕ್ಕಳು ಗೀಚಿದ ಗೋಡೆ, ಯಾವುದಾದರೂ ಸರಿ, ನಾಲ್ಕು ದಿನ ಅವನ ಕೈಗೆ ಕೊಟ್ಟರೆ ಮನೆ ಮದುವಣಗಿತ್ತಿಯಂತೆ ಹೊರಬರುತ್ತಿತ್ತು. ಒಳಗಿನ ಕಾಯಿಲೆ ವಾಸಿಯಾಯಿತೇ ಎಂದು ಯಾರೂ ಕೇಳುತ್ತಿರಲಿಲ್ಲ, ಈ ಮಹರಾಯನೂ ಹೇಳುತ್ತಿರಲಿಲ್ಲ. ನಲವತ್ತು ವರ್ಷ ಹೀಗೇ ಅನ್ನ ಸಂಪಾದಿಸಿದ.

ಅಪ್ಪ ತೀರಿಕೊಂಡ ವರ್ಷ ಅಮ್ಮ ನಮ್ಮ ಮನೆ ಮಾರುವುದೆಂದು ಹಟ ಹಿಡಿದಳು. ಅಪ್ಪ ಆರು ತಿಂಗಳು ಮಲಗಿದ್ದು, ಕೊನೆಗೆ ಕಣ್ಣು ಮುಚ್ಚಿದ್ದು ಹಿಂದಿನ ಕೋಣೆಯಲ್ಲಿ. ಆ ಬಾಗಿಲ ಮುಂದೆ ಹಾಯುವಾಗ ಅಮ್ಮ ಮುಖ ತಿರುಗಿಸಿಕೊಂಡೇ ನಡೆಯುತ್ತಿದ್ದಳು.

"ನಂಗಿಲ್ಲಿ ಉಸಿರು ಕಟ್ಟತ್ತೆ ಕಣೋ. ಬೇಗ ಬಣ್ಣ ಹೊಡೆದು ಕೊಡು, ಮಾರಿ ಹೋಗ್ತೀನಿ," ಎಂದು ತಮ್ಮನಿಗೆ ಹೇಳಿದಳು.

ಮಾವ ಸೀಟಿ ಹಾಕುತ್ತಲೇ ಬಂದ. ಹಿಂದಿನ ಕೋಣೆಯ ಬೀರು ಸರಿಸಿದ್ದೇ ಸೀಟಿ ನಿಂತಿತು. ಗೋಡೆಯ ಮೇಲಿನಿಂದ ನೆಲದವರೆಗೂ ಒಂದು ಬಿರುಕು. ಆಚೆ ಪಕ್ಕದ ಸೈಟಿನವರು ಪಾಯಕ್ಕೆಂದು ಆಳವಾಗಿ ತೋಡಿ, ಹಾಗೇ ಬಿಟ್ಟು ಹೋಗಿದ್ದರು. ಮಾವ ಚೀಲದಿಂದ ಬೆರಳುದ್ದದ ಗಾಜಿನ ಪಟ್ಟಿ ತೆಗೆದು ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡೂ ತುದಿಗೆ ಸಿಮೆಂಟು ಮೆತ್ತಿದ. ಹಸಿ ಸಿಮೆಂಟಿನ ಮೇಲೆ ಮೊಳೆಯಿಂದ ತಾರೀಖು ಗೀರಿದ.

"ಇದ್ಯಾಕೆ ಮಾವ?"

"ಹಳೇ ಬಿರುಕಾದ್ರೆ ಗಾಜು ಹೀಗೇ ಇರತ್ತೆ. ಗೋಡೆ ಇನ್ನೂ ಜರುಗ್ತಿದ್ರೆ ಒಡಿಯತ್ತೆ."

ಉಳಿದ ಕೋಣೆಗಳಿಗೆ ಬಣ್ಣ ಹೊಡೆದು ಮುಗಿಸಿ, ಗಾಜು ಇಟ್ಟ ಹತ್ತನೆಯ ದಿನ ಇಬ್ಬರೂ ಹೋಗಿ ನೋಡಿದೆವು. ಗಾಜು ಸರಿಯಾಗಿ ನಡುವೆ ಎರಡು ಹೋಳಾಗಿತ್ತು.

ಮಾವ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಅಕ್ಕನ ಹತ್ರ ಬಾಯಿ ಬಿಡಬೇಡ. ಗೊತ್ತಾದ್ರೆ, ನೋಡೋಕೆ ಬಂದೋರಿಗೆಲ್ಲ ಹೊಸಿಲಲ್ಲೇ ನಿಲ್ಲಿಸಿ ಹೇಳ್ತಾಳೆ. ಆಮೇಲೆ ಈ ಮನೆ ಯಾರು ತಗೋತಾರೆ? ಅವಳು ಇಲ್ಲಿಂದ ಹೋಗೋದು ಯಾವಾಗ?"

ನಾನು ಬಾಯಿ ಬಿಡಲಿಲ್ಲ. ಅದಕ್ಕೆ ಇವತ್ತಿಗೂ ನನಗೆ ನಾಚಿಕೆಯಿದೆ.

ಗಾಜಿನ ಸಮೇತ ಬಿರುಕಿನ ಮೇಲೆ ಬಟ್ಟೆಪಟ್ಟಿ ಅಂಟಿಸಿ, ಅದರ ಮೇಲೆ ದಪ್ಪಗೆ ಪುಟ್ಟಿ ಎಳೆದು, ಉಪ್ಪುಕಾಗದದಿಂದ ಉಜ್ಜಿ, ಮಾವ ತಿಳಿಹಳದಿ ಬಣ್ಣ ಹೊಡೆದ. ಅವನ ಜನ್ಮದಲ್ಲೇ ಅಷ್ಟು ನಯವಾದ ಗೋಡೆ ಮಾಡಿರಲಿಕ್ಕಿಲ್ಲ. ಆ ವಾರವೇ ಗಂಡ ಹೆಂಡತಿ ಮನೆ ನೋಡಲು ಬಂದರು. ಹೆಂಡತಿಯ ಹೆಗಲ ಮೇಲೆ ಮೂರು ತಿಂಗಳ ಕೂಸು ನಿದ್ದೆ ಮಾಡುತ್ತಿತ್ತು. ಅವಳು ಹಳದಿ ಗೋಡೆಯನ್ನು ಸವರಿ, "ತೊಟ್ಟಿಲು ಇಲ್ಲೇ ಹಾಕೋಣ ರೀ," ಎಂದಳು. ಮಾವ ಒದ್ದೆ ಇಲ್ಲದ ಬ್ರಷ್ಷನ್ನು ಮತ್ತೆ ಮತ್ತೆ ಒರೆಸುತ್ತಿದ್ದ. ಮುಂದಿನ ವಾರ ಕಾಗದಪತ್ರ ಮಾಡಿಸುವುದೆಂದಾಯಿತು.

ಇತ್ತ ಅಮ್ಮ ಬದಲಾಗುತ್ತಿದ್ದುದನ್ನು ನಾವು ಗಮನಿಸಲಿಲ್ಲ. ಕಿಟಕಿ ಒರೆಸಲೆಂದು ಆ ಕೋಣೆಗೆ ಹೋದವಳು ಒಂದು ಗಳಿಗೆ ಕೂತಳು. ಮರುದಿನ ಕಾಫಿ ಲೋಟ ಅಲ್ಲಿಗೇ ಒಯ್ದಳು.

ನಾಲ್ಕು ದಿನ ಬಿಟ್ಟು ಮಾವ ಮಧ್ಯಾಹ್ನ ತನ್ನ ಏಣಿ ಒಯ್ಯಲು ಬಂದಾಗ ಅಮ್ಮ ಎಲ್ಲೂ ಕಾಣಲಿಲ್ಲ. ಹುಡುಕುತ್ತ ಹಿಂದಿನ ಕೋಣೆಗೆ ಹೋದೆವು. ಅಪ್ಪನ ಮಂಚವನ್ನು ಒಬ್ಬಳೇ ಎಳೆದು ಆ ಗೋಡೆಗೆ ಆನಿಸಿ, ಹಾಯಾಗಿ ಮಲಗಿದ್ದಳು.

"ಅವ್ರಿಗೆ ಮನೆ ಕೊಡಲ್ಲ ಅಂದ್ಬಿಟ್ಟೆ ಕಣೋ," ಎಂದಳು, ಕಣ್ಣುಜ್ಜಿಕೊಂಡು. "ಇಷ್ಟು ಚೆಂದ ಮಾಡ್ಕೊಟ್ಟಿದ್ದೀಯ, ಯಾಕೆ ಮಾರ್ಲಿ? ನಿಮ್ ಭಾವ ಹೋದ್ಮೇಲೆ ನಂಗೆ ಕಣ್ತುಂಬ ನಿದ್ದೆ ಬಂದಿದ್ದು ಇವತ್ತೇ."

ಅವಳ ಕೂದಲಲ್ಲಿ ಹಳದಿ ಪುಡಿ ಇತ್ತು. ದಿಂಬಿನ ಮೇಲೂ ಇತ್ತು. ನಾನು ತಲೆಯೆತ್ತಿದೆ. ನಯವಾದ ಗೋಡೆಯ ಮೇಲೆ ದಾರದಷ್ಟು ಸಣ್ಣ ಗೆರೆಯೊಂದು ಮತ್ತೆ ಮೂಡಿ, ಅವಳ ದಿಂಬಿನವರೆಗೂ ಇಳಿದಿತ್ತು.

"ಅಕ್ಕ, ಏಳು," ಎಂದ ಮಾವ. "ಮೊದ್ಲು ಈ ಕಡೆ ಬಾ."

ಅವಳು ಎದ್ದು ಈಚೆ ಬಂದ ಮೇಲೆ, ಅವನು ಮಂಚ ಸರಿಸಿ, ಚೀಲದಿಂದ ಬ್ಲೇಡು ತೆಗೆದು, ತಾನೇ ಹೊಡೆದ ಬಣ್ಣವನ್ನು ತಾನೇ ಕೆರೆದ. ಪುಟ್ಟಿ ಹಾಳೆ ಹಾಳೆಯಾಗಿ ಉದುರಿತು. ಗಾಜಿನ ಎರಡು ಹೋಳುಗಳ ನಡುವೆ ಈಗ ಉಗುರು ತೂರುವಷ್ಟು ಸಂದಿ ಇತ್ತು.

ಅಮ್ಮ ಹತ್ತಿರ ಹೋಗಿ, ಬಗ್ಗಿ, ಸಿಮೆಂಟಿನ ಮೇಲಿನ ತಾರೀಖು ಓದಿದಳು.

"ಆ ಹುಡುಗಿ ತೊಟ್ಟಿಲು ಎಲ್ಲಿ ಹಾಕ್ತೀನಿ ಅಂದ್ಲು?"

ಮಾವ ಬ್ಲೇಡನ್ನು ಚೀಲಕ್ಕೆ ಹಾಕಿದ. ಗೋಡೆಯಾಚೆ ಗುಂಡಿಯೊಳಕ್ಕೆ ಮಣ್ಣು ಜಾರುವ ಸದ್ದು ಕೇಳಿಸಿತು. ಅಮ್ಮ ದಿಂಬು ಎತ್ತಿಕೊಂಡು ಬಾಗಿಲವರೆಗೆ ನಡೆದು, ಅಲ್ಲಿ ನಿಂತು ನನ್ನನ್ನು ನೋಡಿದಳು.

"ನಿಂಗೂ ಗೊತ್ತಿತ್ತಾ?"